ನಕ್ಷತ್ರವೂ ಸಂದೇಹವೂ

ಆಕಾಶವನ್ನು ನೋಡಿ ಕೈಮುಗಿದವನೂ ಮನುಷ್ಯನೇ. ಅದೇ ಆಕಾಶವನ್ನು ನೋಡಿ ಲೆಕ್ಕ ಹಾಕಿದವನೂ ಮನುಷ್ಯನೇ. ಇವರಿಬ್ಬರೂ ಬೇರೆ ಬೇರೆ ಜಾತಿಯವರೆಂದೂ, ಒಬ್ಬನಿದ್ದಲ್ಲಿ ಇನ್ನೊಬ್ಬನಿಗೆ ಎಡೆಯಿಲ್ಲವೆಂದೂ ನಮ್ಮಲ್ಲಿ ಅನೇಕರ ಎಣಿಕೆ. ಆದರೆ ಇಬ್ಬರೂ ಒಂದೇ ಎದೆಯಲ್ಲಿ ವಾಸಮಾಡುವುದುಂಟು. ಆಗ ಹುಟ್ಟುವ ತಳಮಳವನ್ನು ಮನೆಯವರೂ ನೆರೆಯವರೂ ಹೇಗೆ ಕಾಣಬೇಕು ಎಂಬುದೇ ಈ ಲೇಖನದ ವಿಷಯ. ಕ್ರೈಸ್ತ ಮನೆತನದಲ್ಲಿ ಹುಟ್ಟಿದವನಾದುದರಿಂದ ನಾನು ಬಲ್ಲ ಧರ್ಮವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಡಿಸೆಂಬರ್ ತಿಂಗಳು ಬಂತೆಂದರೆ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳಲ್ಲಿ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡುತ್ತವೆ. ಮೂಡಣ ದೇಶದ ಜೋಯಿಸರಿಗೆ ಬೇತ್ಲೆಹೇಮಿನ ದಾರಿ ತೋರಿತೆಂದು ಮತ್ತಾಯನ ಸುವಾರ್ತೆ ಹೇಳುವ ನಕ್ಷತ್ರದ ನೆನಪು ಅದು. ಅದೇ ಹೊಸಕೋಟೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೇಂದ್ರವೊಂದಿದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಕನ್ನಡಿಯುಳ್ಳ ದೂರದರ್ಶಕವನ್ನು ವಿಜ್ಞಾನಿಗಳು ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಯೇ ಕುಳಿತು ನಡೆಸುತ್ತಾರೆ. 2000ನೆಯ ಇಸವಿಯಲ್ಲಿ ಮೊದಲು ಕಣ್ದೆರೆದ ಈ ಯಂತ್ರವು ಸಿಡಿದು ಸಾಯುವ ನಕ್ಷತ್ರಗಳನ್ನೂ ನೋಡುತ್ತದೆ. ಒಂದೇ ಊರು, ಎರಡು ಬಗೆಯ ನಕ್ಷತ್ರ!

ಈ ಎರಡು ನಕ್ಷತ್ರಗಳನ್ನು ಒಂದಾಗಿಸಿ ಕಥೆ ಬರೆದವನು ಆರ್ಥರ್ ಸಿ. ಕ್ಲಾರ್ಕ್. 1955ರಲ್ಲಿ ಪ್ರಕಟವಾದ 'ದಿ ಸ್ಟಾರ್' ಎಂಬ ಆ ವೈಜ್ಞಾನಿಕ ಕಥೆಯ ನಾಯಕನು ಜೆಸ್ಯುಟ್ ಸಂಘದ ಪಾದ್ರಿ. ಖಗೋಳ ವಿಜ್ಞಾನಿಯೂ ಹೌದು. ಸಿಡಿದುಹೋದ ನಕ್ಷತ್ರವೊಂದರ ಅವಶೇಷವನ್ನು ಪರೀಕ್ಷಿಸಿ ಆಕಾಶನೌಕೆಯಲ್ಲಿ ಹಿಂದಿರುಗುತ್ತಿರುವನು. ಆ ನಕ್ಷತ್ರದ ಸುತ್ತ ಒಂದು ಸುಂದರವಾದ ನಾಗರಿಕತೆ ಬಾಳಿತ್ತು. ತಮ್ಮ ಸೂರ್ಯನು ಸಿಡಿಯುವನೆಂದು ತಿಳಿದ ಆ ಜನರು, ಅತ್ಯಂತ ದೂರದ ಗ್ರಹದಲ್ಲಿ ತಮ್ಮ ಕಲೆಯನ್ನೂ ಚರಿತ್ರೆಯನ್ನೂ ಹೂತಿಟ್ಟು ನಾಶವಾದರು. ಪಾದ್ರಿಯು ಸ್ಫೋಟದ ಕಾಲವನ್ನು ಗುಣಿಸುತ್ತಾನೆ. ಅದರ ಬೆಳಕು ಭೂಮಿಯನ್ನು ಮುಟ್ಟಿದ ವರ್ಷವನ್ನೂ ಗುಣಿಸುತ್ತಾನೆ. ಬೇತ್ಲೆಹೇಮಿನ ಮೇಲೆ ಹೊಳೆದುದು ಅದೇ ಬೆಳಕು! ಒಂದು ಕೂಸಿನ ಜನನವನ್ನು ಸಾರಲು ಒಂದು ಜನಾಂಗವೇ ಉರಿದುಹೋಗಬೇಕಾಗಿತ್ತೇ? ಪಾದ್ರಿಗೆ ಉತ್ತರ ದೊರೆಯುವುದಿಲ್ಲ. ಕಥೆ ಅಲ್ಲಿಗೆ ಮುಗಿಯುತ್ತದೆ.

ಕ್ಲಾರ್ಕನು ಆಸ್ತಿಕನಲ್ಲ. 2008ರಲ್ಲಿ ಶ್ರೀಲಂಕೆಯಲ್ಲಿ ತೀರಿಕೊಂಡಾಗ ತನಗೆ ಯಾವ ಮತದ ಸಂಸ್ಕಾರವೂ ಬೇಡವೆಂದು ಬರೆದಿಟ್ಟಿದ್ದವನು. ಆದುದರಿಂದ ಈ ಕಥೆಯನ್ನು ಧರ್ಮನಿಂದೆ ಎಂದು ತಳ್ಳಿಬಿಡುವುದು ಸುಲಭ. ನನ್ನ ಮಟ್ಟಿಗೆ ಅದು ಸರಿಯಲ್ಲ. ನಿರಪರಾಧಿಗಳು ಏಕೆ ನಾಶವಾಗಬೇಕೆಂಬ ಪ್ರಶ್ನೆ ಕ್ಲಾರ್ಕನ ಸೊತ್ತಲ್ಲ. ಬೈಬಲ್ಲಿನೊಳಗೇ ಯೋಬನು ಬೂದಿಯಲ್ಲಿ ಕುಳಿತು ಇದನ್ನೇ ದೇವರಲ್ಲಿ ಕೇಳಿದನು. ಹಳೆಯ ಪ್ರಶ್ನೆಗೆ ಹೊಸ ಆಕಾಶವನ್ನು ಒದಗಿಸಿದ್ದಷ್ಟೇ ವೈಜ್ಞಾನಿಕ ಕಥೆಯ ಕೆಲಸ.

ನಮ್ಮ ಚಲನಚಿತ್ರಗಳು ಈ ಪ್ರಶ್ನೆಯನ್ನು ಹೇಗೆ ಬಗೆಹರಿಸುತ್ತವೆ ನೋಡಿ. ರಜನೀಕಾಂತರ 'ಎಂದಿರನ್' (2010) ಚಿತ್ರದಲ್ಲಿ ಯಂತ್ರಮಾನವನನ್ನು, ದೇವರಿದ್ದಾನೆಯೇ ಎಂದು ಕೇಳುತ್ತಾರೆ. ಸೃಷ್ಟಿಸಿದವನೇ ದೇವರೆಂದ ಮೇಲೆ, ನನ್ನನ್ನು ಸೃಷ್ಟಿಸಿದ ವಿಜ್ಞಾನಿ ಇಲ್ಲಿಯೇ ಇದ್ದಾನೆ, ಆದ್ದರಿಂದ ದೇವರಿದ್ದಾನೆ ಎಂದು ಅದು ಉತ್ತರಿಸುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ, ನಾವೂ ತಟ್ಟುತ್ತೇವೆ. ವಿನೋದಕ್ಕೆ ಇದು ಸಾಕು, ಬದುಕಿಗೆ ಸಾಲದು. ಮಗುವನ್ನು ಕಳೆದುಕೊಂಡ ತಾಯಿಗೆ ಆ ಉತ್ತರವನ್ನು ಹೇಳಲಾದೀತೇ?

ಭಕ್ತರು ಕೂಡ ಇಂಥ ಅಗ್ಗದ ಉತ್ತರಕ್ಕೆ ಮರುಳಾಗುವುದುಂಟು. ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿ ಬರೆದ ಜಾರ್ಜ್ ಲೆಮೈತ್ರ್ ಬೆಲ್ಜಿಯಂ ದೇಶದ ಕ್ಯಾಥೊಲಿಕ್ ಪಾದ್ರಿ. ವಿಶ್ವಕ್ಕೆ ಒಂದು ಆರಂಭವಿತ್ತೆಂಬ ವಿಜ್ಞಾನದ ಮಾತು ದೇವರ ಸೃಷ್ಟಿಗೆ ಸಾಕ್ಷಿಯೆಂಬಂತೆ 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಭಾಷಣ ಮಾಡಿದಾಗ, ಹಿಗ್ಗಬೇಕಾಗಿದ್ದ ಲೆಮೈತ್ರ್ ಅವರಿಗೆ ಅದು ರುಚಿಸಲಿಲ್ಲ. ಸಮೀಕರಣಗಳಿಂದ ಭಕ್ತಿಯನ್ನು ಸ್ಥಾಪಿಸಬಾರದು, ಭಕ್ತಿಯಿಂದ ಸಮೀಕರಣಗಳನ್ನೂ ತಿದ್ದಬಾರದು ಎಂಬುದು ಅವರ ನಿಲುವು. ನಿಜವಾದ ಶ್ರದ್ಧೆಯುಳ್ಳವನಿಗೆ ಮಾತ್ರ ಇಷ್ಟು ಧೈರ್ಯವಿರಲು ಸಾಧ್ಯ.

ಇನ್ನು ನಮ್ಮ ವಿಷಯಕ್ಕೆ ಬರೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87 ಮಾತ್ರ. ಸಮುದಾಯ ಚಿಕ್ಕದಾದಷ್ಟೂ ಸಂದೇಹವು ದ್ರೋಹದಂತೆ ಕಾಣುತ್ತದೆ. ಮನೆಯಲ್ಲಿ ಹುಡುಗನೊಬ್ಬ, "ಈ ಪವಾಡ ನಿಜವೇ ಅಪ್ಪಾ?" ಎಂದರೆ, "ಹೊರಗಿನವರು ಕೇಳಿದರೆ ಏನೆಂದಾರು?" ಎಂಬುದೇ ಉತ್ತರ. ಅದೇ ಹುಡುಗ ಕಾಲೇಜಿನಲ್ಲಿ ಭಾನುವಾರ ಪ್ರಾರ್ಥನೆಗೆ ಹೋಗುತ್ತೇನೆಂದರೆ, ಓದಿಯೂ ಮೂಢನೇ ಎಂಬ ನಗೆ. ಹೀಗೆ ಅವನು ಎರಡು ಕಡೆಯೂ ಬಾಯಿ ಮುಚ್ಚುತ್ತಾನೆ. ಕೊನೆಗೆ ಅವನಲ್ಲಿ ಉಳಿಯುವುದು ಶ್ರದ್ಧೆಯೂ ಅಲ್ಲ, ವಿಚಾರವೂ ಅಲ್ಲ, ಬರಿಯ ನಟನೆ. ಇದು ಕ್ರೈಸ್ತರೊಬ್ಬರ ಪಾಡೆಂದು ಭಾವಿಸಬೇಡಿ. ಗುಡಿಗೆ ಹೋಗುವ, ಮಸೀದಿಗೆ ಹೋಗುವ ಗೆಳೆಯರೂ ತಮ್ಮ ತಮ್ಮ ಎದೆಯನ್ನು ಮುಟ್ಟಿನೋಡಿಕೊಳ್ಳಲಿ.

ಸಂದೇಹಕ್ಕೆ ಎಡೆಕೊಟ್ಟರೆ ಧರ್ಮವೇ ಸಡಿಲವಾದೀತೆಂದು ಹಿರಿಯರು ಅಂಜುವುದು ಸಹಜ. ಅವರಿಗೆ ಸುವಾರ್ತೆಯ ತೋಮನನ್ನೇ ನೆನಪಿಸಬಯಸುತ್ತೇನೆ. ಯೇಸು ಎದ್ದುಬಂದನೆಂದು ಉಳಿದ ಶಿಷ್ಯರು ಹೇಳಿದಾಗ, ಗಾಯವನ್ನು ಮುಟ್ಟಿ ನೋಡಿದ ಹೊರತು ನಂಬೆನೆಂದವನು ಅವನು. ಎಂಟು ದಿನಗಳ ಮೇಲೆ ಶಿಷ್ಯರು ಮತ್ತೆ ಕೂಡಿದಾಗ ತೋಮನು ಎಲ್ಲಿದ್ದನು? ಅವರೊಂದಿಗೇ ಇದ್ದನು! ಅವರು ಅವನನ್ನು ಹೊರಹಾಕಿರಲಿಲ್ಲ, ಅವನೂ ಎದ್ದುಹೋಗಿರಲಿಲ್ಲ. ಯೇಸು ಕೂಡ ಗದರಿಸಿ ಅಟ್ಟದೆ ಗಾಯವನ್ನೇ ಮುಂದೊಡ್ಡಿದನು. ಭಾರತಕ್ಕೆ ಮೊದಲು ಸುವಾರ್ತೆಯನ್ನು ತಂದವನು ಇದೇ ತೋಮನೆಂದು ಸಂಪ್ರದಾಯ ಹೇಳುತ್ತದೆ. ಚೆನ್ನೈನ ಮೈಲಾಪುರದಲ್ಲಿ ಅವನ ಸಮಾಧಿಯೆಂದು ಪೂಜಿಸುವ ಸ್ಥಳವಿದೆ. ಸಂದೇಹಿಸಿದವನನ್ನೇ ಮೂಲಪುರುಷನೆಂದು ಕೊಂಡಾಡುವ ಜನ, ಸಂದೇಹಿಸುವ ಮಗನಿಗೆ ಮನೆಯಲ್ಲಿ ಮಣೆ ಹಾಕಲಾರರೇ?

ಯುವಕರಿಗೂ ಒಂದು ಮಾತಿದೆ. ಸಂದೇಹ ಬೇರೆ, ಅಪಹಾಸ್ಯ ಬೇರೆ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು ನಗುವುದಕ್ಕಲ್ಲ, ಪರೀಕ್ಷಿಸುವುದಕ್ಕೆ. ತೋಮನೂ ಕೇಳಿದ್ದು ಪರೀಕ್ಷೆಯನ್ನೇ. ಪ್ರಶ್ನೆ ಕೇಳಿದವನು ಉತ್ತರಕ್ಕಾಗಿ ಎಂಟು ದಿನವಾದರೂ ಕಾದು ಕುಳಿತುಕೊಳ್ಳಬೇಕು.

ಆದುದರಿಂದ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಈ ವಿಷಯಗಳಿಗೂ ಒಂದು ಸಂಜೆ ಮೀಸಲಾಗಲಿ. ಕ್ಲಾರ್ಕನ ಕಥೆಯನ್ನು ಓದೋಣ. ನಂಬುವವನೂ ನಂಬದವನೂ ಒಂದೇ ಬೆಂಚಿನ ಮೇಲೆ ಕುಳಿತು ವಾದಿಸಲಿ. ಅಧ್ಯಾಪಕ ಮಹಾಶಯರು ಅಧ್ಯಕ್ಷತೆ ವಹಿಸಲಿ. ಉತ್ತರ ಸಿಕ್ಕದಿದ್ದರೂ ಚಿಂತೆಯಿಲ್ಲ. ಕೇಳಿದವನು ಒಬ್ಬಂಟಿಯಾಗದಿದ್ದರೆ ಸಾಕು.