ಎಂಟು ಕೊಂಬಿನ ರೌಟರೂ ಅಡುಗೆಮನೆ ಗೋಡೆಯೂ

“ಊರ ಮನೇಲಿ ವೈಫೈ ಸರಿಯಾಗಿ ಸಿಗ್ತಿಲ್ಲ ಮಗಾ, ಯಾವ ರೌಟರ್ ತಗೊಳ್ಳಲಿ?” ಈ ಪ್ರಶ್ನೆ ಕೇಳುವ ಗೆಳೆಯರಿಗೆ ನಾನು ಕೊಡುವ ಉತ್ತರ ಒಂದೇ: ರೌಟರ್ ಆಮೇಲೆ, ಮೊದಲು ಇಪ್ಪತ್ತೈದು ಮೀಟರ್ ವೈರ್ ತಗೋ. ಹೆಚ್ಚಿನವರಿಗೆ ಈ ಉತ್ತರ ಇಷ್ಟವಾಗಲ್ಲ. ಅವರು ಆಗಲೇ ಎಂಟು ಆಂಟೆನಾ ಇರುವ, ಅಂಗಾತ ಬಿದ್ದ ಜೇಡದ ಥರ ಕಾಣುವ ಡಬ್ಬಿಯೊಂದನ್ನು ಆನ್‌ಲೈನ್ ಕಾರ್ಟ್‌ಗೆ ಹಾಕಿಕೊಂಡಿರುತ್ತಾರೆ. ನನ್ನಿಂದ ಅವರಿಗೆ ಬೇಕಿರುವುದು ಸಲಹೆ ಅಲ್ಲ, ‘ಸೂಪರ್ ಗುರು, ತಗೋ’ ಅನ್ನುವ ಆಶೀರ್ವಾದ. ಆ ಆಶೀರ್ವಾದ ನಾನು ಕೊಡಲ್ಲ. ಯಾಕೆ ಅಂತ ಹೇಳ್ತೀನಿ ಕೇಳಿ.

ನಮ್ಮೂರು ದೊಡ್ಡಬೆಳವಂಗಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ವಾರಕ್ಕೆ ಎರಡು ಮೂರು ದಿನ ಆಫೀಸಿಗೆ ಬಂದರೆ ಸಾಕು ಅನ್ನುವ ಕಂಪನಿಗಳ ದಯೆಯಿಂದ ನನ್ನಂಥ ಎಷ್ಟೋ ಜನ ಉಳಿದ ದಿನ ಊರಿಂದಲೇ ಕೆಲಸ ಮಾಡ್ತೀವಿ. ನಮ್ಮ ಕಡೆ ಹಳೇ ಮನೆಗಳು ಹೇಗಿರುತ್ತವೆ ಅಂತ ನಿಮಗೂ ಗೊತ್ತು: ಮುಂದೆ ಜಗಲಿ, ಆಮೇಲೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಬಚ್ಚಲು, ಹಿತ್ತಿಲು. ರೈಲು ಬೋಗಿಗಳ ಥರ ಒಂದರ ಬೆನ್ನಿಗೆ ಒಂದು. ಮಣ್ಣಿನ ಗೋಡೆಯಾದರೆ ಒಂದೂವರೆ ಅಡಿ ದಪ್ಪ. ಹೊಸ ಮನೆಯಾದರೆ ಸಾಲಿಡ್ ಬ್ಲಾಕ್ ಗೋಡೆ, ತಲೆ ಮೇಲೆ ಕಬ್ಬಿಣ ಕಟ್ಟಿ ಹಾಕಿಸಿದ ಮೋಲ್ಡು. ಮುಂಬಾಗಿಲಿಂದ ಹಿತ್ತಿಲ ತನಕ ಹೋಗೋಕೆ ಸಿಗ್ನಲ್ ಮೂರು ನಾಲ್ಕು ಗೋಡೆ ದಾಟಬೇಕು. ನಡುವೆ ಕಬ್ಬಿಣದ ಬೀರು ಒಂದಿದ್ದರಂತೂ ಕತೆ ಮುಗೀತು.

ಇಂಥ ಮನೆಗೆ ಇಂಟರ್ನೆಟ್ ಹಾಕೋಕೆ ಬಂದ ಹುಡುಗ ಡಬ್ಬಿಯನ್ನು ಎಲ್ಲಿಡುತ್ತಾನೆ? ಕಂಬದಿಂದ ಬಂದ ಫೈಬರ್ ಒಳಗೆ ನುಗ್ಗುವ ಮೊದಲನೇ ಕಿಟಕಿಯ ಪಕ್ಕ. “ಇಲ್ಲೇ ಹೊಡೀತೀನಿ ಅಣ್ಣ, ಪ್ಲಗ್ ಪಾಯಿಂಟೂ ಇಲ್ಲೇ ಐತೆ.” ಅವನನ್ನು ಬೈದು ಪ್ರಯೋಜನ ಇಲ್ಲ, ಅವನಿಗೆ ದಿನಕ್ಕೆ ಇಷ್ಟು ಮನೆ ಅಂತ ಲೆಕ್ಕ ಇರುತ್ತೆ. ಆದರೆ ಆ ಡಬ್ಬಿಯ ಸುತ್ತ ಒಂದು ವೃತ್ತ ಎಳೆದು ನೋಡಿ. ಅರ್ಧ ವೃತ್ತ ಬೀದಿಗೆ ಬಿದ್ದಿರುತ್ತೆ. ಜಗಲಿ ಕೆಳಗೆ ಮಲಗಿದ ನಾಯಿಗೆ ಫುಲ್ ಸಿಗ್ನಲ್, ಅಡುಗೆಮನೆಯಲ್ಲಿರೋ ಅಮ್ಮನಿಗೆ ಒಂದು ಕಡ್ಡಿ.

ಇದನ್ನು ಬರೀ ಟೆಕ್ನಿಕಲ್ ಸಮಸ್ಯೆ ಅಂದುಕೊಳ್ಳಬೇಡಿ. ಪಡಸಾಲೆಯಲ್ಲಿ ಕೂರುವವರು ಯಾರು, ಒಳಗಿರುವವರು ಯಾರು? ನಮ್ಮ ಅತ್ತಿಗೆ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಗಿರಾಕಿಗಳು ಡಿಸೈನ್ ಕಳಿಸುವುದು ವಾಟ್ಸ್ಆ್ಯಪ್‌ನಲ್ಲಿ, ದುಡ್ಡು ಬರುವುದೂ ಫೋನಿಗೇ. ಮಿಷನ್ ಇರುವುದು ಹಿಂದಿನ ಕೋಣೆಯಲ್ಲಿ, ಸಿಗ್ನಲ್ ಇರುವುದು ಮುಂದೆ. ಒಂದು ಫೋಟೊ ತೆರೆದುಕೊಳ್ಳಬೇಕಾದರೆ ಅವರು ಎದ್ದು ಪಡಸಾಲೆಗೆ ಬರಬೇಕು. ಅಲ್ಲಿ ಮಾವ ಇರ್ತಾರೆ, ಮಾವನ ಜೊತೆ ಊರಿನ ನಾಲ್ಕು ಜನ ಹಿರಿಯರು ಇರ್ತಾರೆ. ಅವರೆಲ್ಲರ ಮುಂದೆ ಫೋನ್ ಹಿಡಕೊಂಡು ನಿಂತ ಸೊಸೆಯ ಬಗ್ಗೆ ನಮ್ಮ ಕಡೆ ಏನು ಮಾತಾಡ್ತಾರೆ ಅಂತ ಬಿಡಿಸಿ ಹೇಳಬೇಕಾ? ಪರೀಕ್ಷೆಗೆ ಓದುವ ತಂಗಿಯಂದಿರದೂ ಇದೇ ಪಾಡು. ವೈಫೈ ಬಿಲ್ ಇಡೀ ಮನೆಗೆ ಬರುತ್ತೆ. ವೈಫೈ ಮಾತ್ರ ಮನೆಯ ಮುಂದಿನ ಅರ್ಧಕ್ಕೆ ಬರುತ್ತೆ.

ಅದಕ್ಕೇ ದೊಡ್ಡ ರೌಟರ್ ತಗೊಳ್ಳೋದು ಅಂತೀರಾ? ಹಾಗಾದರೆ ಆ ಡಬ್ಬಿಯ ಮೇಲಿನ ಸಂಖ್ಯೆಗಳನ್ನೇ ಓದೋಣ. ‘ಎಸಿ 1200’ ಅಂತ ಬರೆದಿರುತ್ತೆ. ಅದು 2.4 ಗಿಗಾಹರ್ಟ್ಸ್ ಬ್ಯಾಂಡಿನ 300 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡಿನ 867 ಎಂಬಿಪಿಎಸ್ ಕೂಡಿಸಿ, ಮೇಲಕ್ಕೆ ಎಳೆದು ಮಾಡಿದ ಲೆಕ್ಕ. ‘ಎಎಕ್ಸ್ 3000’ ಅಂದರೆ 574ಕ್ಕೆ 2402 ಕೂಡಿಸಿದ್ದು. ನಿಮ್ಮ ಫೋನು ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಬ್ಯಾಂಡಿನಲ್ಲಿರುತ್ತೆ, ಹಾಗಾಗಿ ಆ ಕೂಡಿಸಿದ ವೇಗ ಅದಕ್ಕೆ ಸಿಗೋದೇ ಇಲ್ಲ. ಎರಡು ಬಸ್ಸಿನ ಸ್ಪೀಡು ಕೂಡಿಸಿ, ಈ ರೂಟಲ್ಲಿ ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ಹೋಗಬಹುದು ಅಂತ ಬೋರ್ಡು ಹಾಕಿದರೆ ನೀವು ನಗ್ತೀರಿ. ರೌಟರ್ ಡಬ್ಬಿ ಮೇಲೆ ಹಾಕಿದರೆ ದುಡ್ಡು ಕೊಡ್ತೀರಿ. ಇನ್ನೂ ತಮಾಷೆ ಅಂದರೆ, ಅಗ್ಗದ ‘1200’ ಡಬ್ಬಿಗಳಲ್ಲಿ ಎಷ್ಟೋ ಮಾದರಿಗಳ ಹಿಂದಿನ ವೈರ್ ಪೋರ್ಟ್ 100 ಎಂಬಿಪಿಎಸ್‌ನದು. ಒಳಕ್ಕೆ ಬರುವುದೇ ನೂರು, ಹೊರಗೆ ಹಂಚುವುದು ಸಾವಿರದ ಇನ್ನೂರಂತೆ!

ಹೈ ಡೆಫಿನಿಷನ್ ವಿಡಿಯೊ ಕರೆಗೆ ಬೇಕಾಗುವುದು ಮೂರು ನಾಲ್ಕು ಎಂಬಿಪಿಎಸ್. ನಿಮ್ಮ ಪ್ಲಾನು ನಲವತ್ತರದೋ ನೂರರದೋ ಇರುತ್ತೆ. ಅಂದರೆ ವೇಗದ ಕೊರತೆ ಮನೆಯಲ್ಲಿ ಯಾವತ್ತೂ ಇರಲಿಲ್ಲ, ಇದ್ದದ್ದು ತಲುಪುವ ಕೊರತೆ. ತಲುಪುವುದನ್ನು ಸಂಖ್ಯೆಯಾಗಿ ಡಬ್ಬಿ ಮೇಲೆ ಅಚ್ಚು ಹಾಕೋಕೆ ಆಗಲ್ಲ, ಅದಕ್ಕೇ ಕಂಪನಿಗಳು ವೇಗ ಮಾರುತ್ತವೆ.

ಆಂಟೆನಾ ವಿಷಯಕ್ಕೆ ಬರೋಣ. ಕೊಂಬು ಜಾಸ್ತಿ ಇದ್ದರೆ ದೂರ ಹೋಗುತ್ತೆ ಅನ್ನುವುದು ಈ ವ್ಯಾಪಾರದ ಮೂಲ ಮೂಢನಂಬಿಕೆ. ಆಂಟೆನಾಗಳ ಸಂಖ್ಯೆ ಮುಖ್ಯವಾಗಿ ಏಕಕಾಲಕ್ಕೆ ಎಷ್ಟು ಧಾರೆ ಕಳಿಸಬಹುದು ಅನ್ನೋದಕ್ಕೆ ಸಂಬಂಧಿಸಿದ್ದು. ಎಷ್ಟು ಜೋರಾಗಿ ಕಳಿಸಬಹುದು ಅನ್ನೋದಕ್ಕೆ ಕಾನೂನಿನ ಮಿತಿ ಇದೆ. 2005ರಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು ಅಂದಾಗಲೇ, ಆಂಟೆನಾ ಬಲವೂ ಸೇರಿ 4 ವ್ಯಾಟ್ ಮೀರಬಾರದು ಅಂತಲೂ ಹೇಳಿತು. ಐದು ಸಾವಿರದ ಡಬ್ಬಿಗೂ ಇಪ್ಪತ್ತು ಸಾವಿರದ ಡಬ್ಬಿಗೂ ಅದೇ ಕಾನೂನು. ಅಷ್ಟೇ ಅಲ್ಲ, ವೈಫೈ ಒಮ್ಮುಖ ಭಾಷಣ ಅಲ್ಲ. ರೌಟರ್ ಮೈಕಾಸುರನ ಥರ ಕೂಗಿದರೂ, ಹಿತ್ತಿಲಲ್ಲಿರೋ ಫೋನಿನ ಪಿಸುಮಾತು ತಿರುಗಿ ಅದಕ್ಕೆ ಕೇಳಿಸಬೇಕಲ್ಲ? ಫೋನಿನಲ್ಲಿರುವುದು ಪುಟ್ಟ ಆಂಟೆನಾ, ಪುಟ್ಟ ಬ್ಯಾಟರಿ. ನೀವು ರೌಟರ್ ಬದಲಿಸಿದಿರಿ, ಫೋನು ಅದೇ ಫೋನು, ಗೋಡೆ ಅದೇ ಗೋಡೆ.

ಈ ಗೋಡೆ ಅನ್ನೋದನ್ನು ಯೂಟ್ಯೂಬ್ ರಿವ್ಯೂ ಮಾಡುವವರು ನೋಡೇ ಇಲ್ಲ. ‘ಮೂರು ಸಾವಿರ ಚದರ ಅಡಿ ಕವರೇಜ್’ ಅನ್ನುವ ಮಾತು ಹುಟ್ಟಿದ್ದು ಅಮೆರಿಕದಂಥ ಕಡೆ. ಅಲ್ಲಿ ಬಹುಪಾಲು ಮನೆಗಳ ಒಳಗೋಡೆ ಅಂದರೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದದ್ದು. ರೇಡಿಯೊ ಅಲೆಗೆ ಅದು ಪರದೆ ಇದ್ದ ಹಾಗೆ. ಕಾಂಕ್ರೀಟ್ ಗೋಡೆಯೋ, ಅದೊಂದೇ 5 ಗಿಗಾಹರ್ಟ್ಸ್ ಸಿಗ್ನಲ್‌ನಲ್ಲಿ ಹತ್ತು ಡೆಸಿಬೆಲ್ಲೋ ಅದಕ್ಕಿಂತ ಹೆಚ್ಚೋ ನುಂಗಿಹಾಕುತ್ತೆ. ಹತ್ತು ಡೆಸಿಬೆಲ್ ಹೋದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲು. ಅಂಥ ಎರಡು ಗೋಡೆ ದಾಟಿದರೆ ನೂರರಲ್ಲಿ ಒಂದು, ಮೂರು ದಾಟಿದರೆ ಸಾವಿರದಲ್ಲಿ ಒಂದು. ಯಾವ ಕೊಂಬು ಈ ಲೆಕ್ಕ ಸರಿದೂಗಿಸುತ್ತೆ, ಹೇಳಿ ನೋಡೋಣ?

ಇನ್ನೊಂದು ಬೆಂಗಳೂರಿನ ಬುದ್ಧಿಮಾತು: “2.4 ಆಫ್ ಮಾಡು ಗುರು, ಬರೀ 5 ಇಟ್ಕೋ.” ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಅದು ಸರಿಯೇ ಇರಬಹುದು. ಅಲ್ಲಿ ಸುತ್ತ ಮೂವತ್ತು ಮನೆಯ ರೌಟರ್‌ಗಳು ಕಚ್ಚಾಡುತ್ತಿರುತ್ತವೆ, 2.4ರಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ ಇರುವುದು ಮೂರೇ ಮೂರು: 1, 6, 11. ಆದರೆ ನಮ್ಮೂರಲ್ಲಿ ಅಷ್ಟು ಗದ್ದಲ ಎಲ್ಲಿದೆ? ಗೋಡೆ ದಾಟುವ ವಿಷಯದಲ್ಲಿ 5ಕ್ಕಿಂತ 2.4 ಮೇಲು. ಗಲಾಟೆ ಇಲ್ಲದ ಕಡೆ ಗೋಡೆ ದಾಟುವ ಬ್ಯಾಂಡನ್ನೇ ಆಫ್ ಮಾಡಿ, ಆಮೇಲೆ ಹಿತ್ತಿಲಿಗೆ ಸಿಗ್ನಲ್ ಬರಲ್ಲ ಅಂತ ಹೊಸ ಡಬ್ಬಿ ತರಿಸುವುದು ಯಾವ ಸೀಮೆ ಇಂಜಿನಿಯರಿಂಗ್ ಸ್ವಾಮಿ?

ಹಾಗಾದರೆ ರಿಪೀಟರ್ ಹಾಕಿದರೆ? ಪ್ಲಗ್‌ಗೆ ಸಿಕ್ಕಿಸುವ ಅಗ್ಗದ ರಿಪೀಟರ್ ಒಬ್ಬನೇ ದುಭಾಷಿ ಇದ್ದ ಹಾಗೆ. ಆ ಕಡೆಯದನ್ನು ಕೇಳಿಸಿಕೊಳ್ಳುವಾಗ ಈ ಕಡೆಗೆ ಮಾತಾಡೋಕಾಗಲ್ಲ. ಒಂದೇ ಚಾನೆಲ್‌ನಲ್ಲಿ ತಗೊಂಡು ಅದರಲ್ಲೇ ಕೊಡಬೇಕಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತೆ. ಮತ್ತೆ ಜನ ಅದನ್ನು ಇಡೋದೂ ಸಿಗ್ನಲ್ ಸತ್ತ ಜಾಗದಲ್ಲೇ. ಬತ್ತಿದ ಬೋರ್‌ವೆಲ್‌ಗೆ ಎರಡನೇ ಮೋಟರ್ ಇಳಿಸಿದ ಹಾಗೆ ಇದು. ಮೆಶ್ ಅನ್ನುವ ದುಬಾರಿ ಡಬ್ಬಿಗಳು ಇದಕ್ಕಿಂತ ಜಾಣ, ಒಪ್ಪಿದೆ. ಆದರೆ ಅವುಗಳೂ ತಮ್ಮತಮ್ಮಲ್ಲಿ ಮಾತಾಡಬೇಕಿರುವುದು ಅದೇ ಗೋಡೆಗಳ ಮೂಲಕ. ಅವನ್ನೂ ವೈರ್‌ನಿಂದ ಜೋಡಿಸಿ ಅಂತ ಅವುಗಳ ಕೈಪಿಡಿಯೇ ಹೇಳುತ್ತೆ. ಕೈಪಿಡಿ ಓದುವವರು ಯಾರು?

ಈಗ ನನ್ನ ಇಪ್ಪತ್ತೈದು ಮೀಟರ್ ವೈರಿನ ವಿಷಯ. ಕ್ಯಾಟ್ 6 ಕೇಬಲ್, ಅಪ್ಪಟ ತಾಮ್ರದ್ದು. ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ಮುಟ್ಟಬೇಡಿ. ಮುಂದಿನ ಡಬ್ಬಿಯಿಂದ ಶುರುಮಾಡಿ ನಡುಮನೆ ದಾಟಿಸಿ, ಅಡುಗೆಮನೆ ಗೋಡೆಯಲ್ಲಿ ಒಂದು ತೂತು ಕೊರೆದು ಆ ಕಡೆ ತಗೊಂಡುಹೋಗಿ. ನೂರು ಮೀಟರ್ ತನಕ ಅದು ಏನೂ ಕಳಕೊಳ್ಳಲ್ಲ. ಗೋಡೆ ಎಷ್ಟು ದಪ್ಪ ಅಂತ ವೈರ್‌ಗೆ ಚಿಂತೆ ಇಲ್ಲ. ಆ ತುದಿಗೆ ಒಂದು ಸಾಧಾರಣ ರೌಟರ್, ಅಟ್ಟದ ಮೇಲೆ ಎಸೆದಿರುವ ಹಳೇದಾದರೂ ಆದೀತು. ಅದನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿ, ಹೆಸರು ಪಾಸ್‌ವರ್ಡ್ ಎರಡೂ ಮುಂದಿನದರದೇ ಇಡಿ, ಚಾನೆಲ್ ಮಾತ್ರ ಬೇರೆ. ಅಷ್ಟೇ. ಕೇಬಲ್ಲನ್ನು ಕರೆಂಟಿನ ವೈರ್ ಇರುವ ಪೈಪಿನಲ್ಲೇ ತೂರಿಸಬೇಡಿ. ಹೊರಗಿನ ಕೊಟ್ಟಿಗೆಗೋ ಪಕ್ಕದ ಕಟ್ಟಡಕ್ಕೋ ಬಯಲಿನಲ್ಲಿ ಎಳೆಯುವುದಾದರೆ ತಾಮ್ರ ಬೇಡ, ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗಾಗುತ್ತೆ. ಅಲ್ಲಿಗೆ ಫೈಬರ್ರೇ ಸರಿ. ಉಳಿದ ದುಡ್ಡಲ್ಲಿ ರೌಟರ್‌ಗಳಿಗೆ ಸಣ್ಣ ಯುಪಿಎಸ್ ತಗೊಳ್ಳಿ. ಕರೆಂಟು ಹೋದಾಗ ಎಂಟು ಕೊಂಬೂ ಬರೀ ಪ್ಲಾಸ್ಟಿಕ್ಕೇ.

ರೌಟರ್ ಎಂದೂ ಬದಲಿಸಲೇಬೇಡಿ ಅಂತ ನಾನು ಹೇಳ್ತಿಲ್ಲ. ಕಂಪನಿ ಕೊಟ್ಟ ಡಬ್ಬಿಯಲ್ಲಿ 2.4 ಒಂದೇ ಇದ್ದರೆ ಎರಡೂ ಬ್ಯಾಂಡ್ ಇರುವ, ಗಿಗಾಬಿಟ್ ಪೋರ್ಟಿನ ಒಂದನ್ನು ತನ್ನಿ. ಆದರೆ ಅದು ಎರಡನೇ ಖರ್ಚು, ಮೊದಲನೆಯದಲ್ಲ.

ಇದಕ್ಕೆ ಬರುವ ದೊಡ್ಡ ಆಕ್ಷೇಪಣೆ ಏನು ಗೊತ್ತಾ? “ಗೋಡೆ ಮೇಲೆ ವೈರ್ ಕಾಣುತ್ತೆ, ಚೆನ್ನಾಗಿರಲ್ಲ.” ಇನ್ವರ್ಟರ್ ವೈರ್ ಕಾಣುತ್ತೆ, ಡಿಶ್ ಕೇಬಲ್ ಕಾಣುತ್ತೆ, ಸಿಸಿಟಿವಿ ವೈರ್ ಮುಂಬಾಗಿಲ ನೆತ್ತಿ ಮೇಲೇ ಹೋಗಿರುತ್ತೆ. ಅತ್ತಿಗೆಯ ಕೋಣೆಗೆ ಹೋಗುವ ವೈರ್ ಮಾತ್ರ ಕಣ್ಣಿಗೆ ಚುಚ್ಚುತ್ತೆ! ಎರಡನೇ ಆಕ್ಷೇಪಣೆ, “ಎಲ್ಲರ ಹತ್ರನೂ ಮೊಬೈಲ್ ಡೇಟಾ ಇದೆಯಲ್ಲ.” ಸರಿ, ಹಾಗಿದ್ದರೆ ನಿಮ್ಮ ಸೋಮವಾರದ ಮೀಟಿಂಗನ್ನು ನೀವೇ ಡೇಟಾದಲ್ಲಿ ಮಾಡಿ. ಅಡುಗೆಮನೆಯ ಮೂಲೆಯಲ್ಲಿ ಕೂತು ಮಾಡಿ.

ಹೊಸ ಮನೆ ಕಟ್ಟಿಸುವವರ ಮೇಲೆ ನನಗೆ ಇನ್ನೂ ಸಿಟ್ಟು. ವಾಸ್ತು ನೋಡಿಸ್ತಾರೆ, ಬರೀ ಟಿವಿಗೆ ಮೂರು ಪಾಯಿಂಟ್ ಬಿಡಿಸ್ತಾರೆ, ಎಸಿ ಇನ್ನೂ ತಂದಿರಲ್ಲ, ಅದಕ್ಕೂ ಪೈಪ್ ಬಿಟ್ಟಿರ್ತಾರೆ. ಇಂಟರ್ನೆಟ್ ವೈರಿಗೆ ಅಂತ ಒಂದು ಖಾಲಿ ಪೈಪ್ ಮಾತ್ರ ಇಲ್ಲ. ಮೋಲ್ಡ್ ಹಾಕುವ ಮುಂಚೆ ಎಳೆದರೆ ಕೆಲವು ನೂರು ರೂಪಾಯಿ, ಹಾಕಿದ ಮೇಲೆ ಗೋಡೆ ಒಡೆಯುವ ಕೆಲಸ. 2024ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಡಿಜಿಟಲ್ ಸಂಪರ್ಕ ಎಷ್ಟು ಚೆನ್ನಾಗಿದೆ ಅಂತ ನೋಡಿ ಕಟ್ಟಡಗಳಿಗೇ ರೇಟಿಂಗ್ ಕೊಡುವ ನಿಯಮ ತಂದಿತು. ಸಿಗ್ನಲ್ ಅನ್ನೋದು ಕಟ್ಟಡದ ಗುಣ, ಬರೀ ಡಬ್ಬಿಯದಲ್ಲ ಅಂತ ಸರ್ಕಾರಿ ಕಡತಕ್ಕೂ ಗೊತ್ತಾಗಿದೆ. ನಮ್ಮ ಮೇಸ್ತ್ರಿಗೆ, ಎಲೆಕ್ಟ್ರಿಷಿಯನ್‌ಗೆ ನಾವು ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು?

ಹಳ್ಳಿಗಳ ಡಿಜಿಟಲ್ ಕಂದಕದ ಬಗ್ಗೆ ನಾವು ಲಿಂಕ್ಡ್‌ಇನ್‌ನಲ್ಲಿ ಉದ್ದುದ್ದ ಬರೀತೀವಿ. 2011ರಲ್ಲಿ ಮಂಜೂರಾಗಿ ಆಮೇಲೆ ಭಾರತ್‌ನೆಟ್ ಅಂತ ಹೆಸರು ಬದಲಿಸಿಕೊಂಡ ಯೋಜನೆ ಗ್ರಾಮ ಪಂಚಾಯಿತಿ ಕಚೇರಿಗಳಿಗೆ ಫೈಬರ್ ಒಯ್ಯುವುದಕ್ಕೆ ಹೊರಟಿದ್ದು, ಅಲ್ಲಿಂದ ಮನೆಗೆ ಬರುವುದು ಯಾವಾಗ ಅಂತ ಕೇಳ್ತೀವಿ. ಕೇಳಲೇಬೇಕು. ಆದರೆ ನಮ್ಮ ಮನೆಯ ಪಡಸಾಲೆಗೆ ಬಂದ ಫೈಬರ್ ಹದಿನೈದು ಹೆಜ್ಜೆ ಮುಂದೆ ಹೋಗದೆ ನಿಂತಿದೆಯಲ್ಲ, ಅದಕ್ಕೆ ಯಾವ ಇಲಾಖೆಗೆ ಅರ್ಜಿ ಹಾಕ್ತೀರಿ? ತನ್ನ ರೂಮಿಗೆ ಐದು ಕಡ್ಡಿ ಬಂದ ಕೂಡಲೇ ‘ನಮ್ಮನೇಲಿ ವೈಫೈ ಸೂಪರ್’ ಅನ್ನುವ ಇಂಜಿನಿಯರ್ ಮಗನೂ ಪಂಚಾಯಿತಿ ಕಚೇರಿಗೆ ಫೈಬರ್ ಬಂದ ಕೂಡಲೇ ಕೆಲಸ ಆಯ್ತು ಅನ್ನುವ ಅಧಿಕಾರಿಯೂ ನನಗೆ ಒಂದೇ ಥರ ಕಾಣ್ತಾರೆ.

ಆದ್ದರಿಂದ ಕಾರ್ಟ್‌ನಲ್ಲಿರೋ ಜೇಡವನ್ನು ಸದ್ಯಕ್ಕೆ ಅಲ್ಲೇ ಬಿಡಿ. ಈ ಸಲ ಊರಿಗೆ ಹೋದಾಗ ಸಿಗ್ನಲ್ ತೋರಿಸುವ ಒಂದು ಉಚಿತ ಆ್ಯಪ್ ಹಾಕ್ಕೊಂಡು ಮನೆಯೆಲ್ಲ ಒಂದು ಸುತ್ತು ನಡೀರಿ. ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ವಿಡಿಯೊ ಕರೆ ನಡೆಯುತ್ತೆ. ಮೈನಸ್ 80ಕ್ಕೆ ಹೋದರೆ ಮಾತೇ ಕಡಿಯುತ್ತೆ. ಎಲ್ಲಿ ಕಡಿಯುತ್ತೋ ಅಲ್ಲಿ ನಿಂತು, ಇಲ್ಲಿ ದಿನಾ ಕೂತು ಕೆಲಸ ಮಾಡುವವರು ಯಾರು ಅಂತ ನೋಡಿ, ಅವರನ್ನೇ ಕೇಳಿ. ಆಮೇಲೆ ಪೇಟೆಗೆ ಹೋಗಿ ವೈರ್ ತನ್ನಿ, ಡ್ರಿಲ್ಲಿಂಗ್ ಮಿಷನ್ ಪಕ್ಕದ ಮನೆಯವರ ಹತ್ರ ಇರುತ್ತೆ.