ರನ್ನನ ಹೆಸರು ಕಾರ್ಖಾನೆಗೆ, ಮಕ್ಕಳ ಕವಿತೆ ಕಸದ ಬುಟ್ಟಿಗೆ!

ಕನ್ನಡದ ಹುಡುಗ ಹುಡುಗಿಯರೇ,

ನಿಮ್ಮ ಕಾಲೇಜಿನ ಶುಲ್ಕದ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಕ್ರೀಡಾ ಶುಲ್ಕ, ವಾಚನಾಲಯ ಶುಲ್ಕ, ಪರೀಕ್ಷಾ ಶುಲ್ಕಗಳ ನಡುವೆ 'ಮ್ಯಾಗಜಿನ್ ಫೀ' ಎಂಬ ಒಂದು ಸಾಲು ಬಹಳಷ್ಟು ಕಾಲೇಜುಗಳಲ್ಲಿ ಇದ್ದೇ ಇರುತ್ತದೆ. ಆ ದುಡ್ಡು ಯಾರದು? ನಿಮ್ಮ ಅಪ್ಪ ಅವ್ವ ಬೆವರು ಸುರಿಸಿ ಗಳಿಸಿದ್ದು. ಹಾಗಾದರೆ ಆ ಸಂಚಿಕೆ ಯಾರದು? ನಿಮ್ಮದು! ಅದರಲ್ಲಿ ನಿಮ್ಮ ಕವಿತೆ ಎಲ್ಲಿದೆ?

ಒಳಗೆ ಏನಿರುತ್ತದೆಂದು ಎಲ್ಲರಿಗೂ ಗೊತ್ತು. ಮೊದಲು ಆಡಳಿತ ಮಂಡಳಿಯ ಅಧ್ಯಕ್ಷರ ಬಣ್ಣದ ಫೋಟೋ. ಆಮೇಲೆ ಮಂತ್ರಿಗಳ ಸಂದೇಶ, ಶಾಸಕರ ಸಂದೇಶ, ಕುಲಪತಿಗಳ ಸಂದೇಶ. ನಂತರ ನುಣುಪು ಕಾಗದದಲ್ಲಿ ಇಂಗ್ಲಿಷ್ ವಿಭಾಗ. ಎಲ್ಲಾ ಮುಗಿದ ಮೇಲೆ ಉಳಿದ ಪುಟಗಳಲ್ಲಿ ಕನ್ನಡ ವಿಭಾಗ! ಅಲ್ಲೂ ಸುಭಾಷಿತ, ನಗೆಹನಿ, ಎಲ್ಲಿಂದಲೋ ಇಳಿಸಿಕೊಂಡ 'ತಾಯಿ' ಪದ್ಯ. ಸ್ವಂತ ಬರೆದು ಕೊಟ್ಟ ಹುಡುಗನ ಹಾಳೆ ಮಾತ್ರ ಸ್ಟಾಫ್ ರೂಮಿನ ಕಪಾಟಿನಲ್ಲಿ ಧೂಳು ತಿನ್ನುತ್ತಿರುತ್ತದೆ. ತೆಗೆದುಕೊಂಡೆವು ಎಂಬ ಮಾತಿಲ್ಲ, ಬೇಡ ಎಂಬ ಮಾತೂ ಇಲ್ಲ.

ಇದು ಸಣ್ಣ ವಿಷಯ ಎನ್ನುವವರು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರದ ಕಡೆ ಒಮ್ಮೆ ತಿರುಗಿ ನೋಡಬೇಕು. ಅಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಅದರ ವಿಳಾಸ ರನ್ನನಗರ, ತಿಮ್ಮಾಪುರ. ಕಬ್ಬು ಅರೆಯುವ ಜಾಗಕ್ಕೆ ಕವಿಯ ಹೆಸರು! ಇಟ್ಟವರಿಗೆ ಶರಣು. ಕಾರ್ಖಾನೆ ಕಟ್ಟುವ ರೈತನಿಗೆ ನೆನಪಾದ ಕವಿ, ಕಾಲೇಜು ಕಟ್ಟುವ ದೊಡ್ಡವರಿಗೆ ಏಕೆ ನೆನಪಾಗಲಿಲ್ಲ?

ರನ್ನ ಹುಟ್ಟಿದ್ದು ಇದೇ ಮುಧೋಳದ ಸೀಮೆಯಲ್ಲಿ, ಕ್ರಿ.ಶ. ೯೪೯ರಲ್ಲಿ, ಬಳೆಗಾರರ ಮನೆಯಲ್ಲಿ. ಅರಮನೆಯಲ್ಲಿ ಅಲ್ಲ! ವಿದ್ಯೆಗಾಗಿ ಊರು ಬಿಟ್ಟು ದೂರದ ಗಂಗರ ನಾಡಿಗೆ ಹೋದ. ಅಜಿತಸೇನಾಚಾರ್ಯರ ಬಳಿ ಕಲಿತ. ೯೯೩ರಲ್ಲಿ ಅಜಿತಪುರಾಣ ಬರೆದಾಗ ಬೆನ್ನಿಗೆ ನಿಂತವಳು ದಾನಚಿಂತಾಮಣಿ ಅತ್ತಿಮಬ್ಬೆ. ಅಚ್ಚುಕೂಟವೇ ಇಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಕೈಯಲ್ಲಿ ಬರೆಸಿ ಹಂಚಿದಳೆಂದು ಅವಳ ಕೀರ್ತಿ. ಬಳೆಗಾರರ ಮಗ ಕವಿಚಕ್ರವರ್ತಿಯಾದದ್ದು ಬರೀ ಪ್ರತಿಭೆಯಿಂದಲ್ಲ. ಓದಿ, ಮೆಚ್ಚಿ, ಪ್ರತಿ ಮಾಡಿಸಿ ಹಂಚುವ ಒಂದು ವ್ಯವಸ್ಥೆ ಅಂದು ಇತ್ತು. ಇಂದು ಕಂಪ್ಯೂಟರ್ ಇದೆ, ಆಫ್‌ಸೆಟ್ ಮುದ್ರಣ ಇದೆ. ಅತ್ತಿಮಬ್ಬೆಯ ಮನಸ್ಸು ಮಾತ್ರ ಇಲ್ಲ!

ಈ ಸೀಮೆಗೆ ಅನ್ಯಾಯ ಹೊಸದಲ್ಲ. ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು. ಜನರ ಮಾತು ಕನ್ನಡ, ದರಬಾರಿನ ಮಾತು ಮರಾಠಿ. ಪುಣೆಯ ಸರ್ ಪರಶುರಾಮಭಾವು ಕಾಲೇಜಿನ ಹೆಸರು ಜಮಖಂಡಿಯ ಅರಸು ಮನೆತನದ್ದು, ಅದಕ್ಕೆ ಹೋದ ದೇಣಿಗೆಯೂ ಜಮಖಂಡಿಯದೇ. ಇಲ್ಲಿಯ ದುಡ್ಡು ಅಲ್ಲಿ ಕಾಲೇಜಾಯಿತು, ಇಲ್ಲಿಯ ಹುಡುಗ ವಿದ್ಯೆಗೆ ಪರಊರು ಹುಡುಕಿದ. ಏಕೀಕರಣದ ನಂತರ ಪದವಿಗಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ೨೦೧೦ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಕೊನೆಗೆ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯ ಬಂತು. ಬಾಗಿಲಿಗೆ ಕಟ್ಟಿದ ತೋರಣ ಬಾಡುವ ಮೊದಲೇ, ೨೦೨೫ರ ಫೆಬ್ರವರಿಯಲ್ಲಿ, ಮುಚ್ಚಬೇಕೆಂದು ಸಂಪುಟ ಉಪಸಮಿತಿ ಹೇಳಿದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಬಂತು!

ಮುಚ್ಚಬೇಡಿ ಎಂದು ನಾವು ಕೂಗಲೇಬೇಕು. ಆದರೆ ಕೂಗುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ವಿಶ್ವವಿದ್ಯಾಲಯ ಎಂದರೇನು? ಪರೀಕ್ಷೆ ನಡೆಸಿ ಅಂಕಪಟ್ಟಿ ಕೊಡುವ ಕಚೇರಿಯೇ? ಅಂಥ ಕಚೇರಿ ಮುಚ್ಚಿದರೆ ಅಳುವವರು ಯಾರು? ತನ್ನ ಮಕ್ಕಳ ಬರಹವನ್ನು ಅಚ್ಚು ಹಾಕಿ, ತಿದ್ದಿ, ನಾಡಿನ ಮುಂದೆ ಇಡುವ ವಿಶ್ವವಿದ್ಯಾಲಯವನ್ನು ಮುಚ್ಚಲು ಯಾವ ಸರ್ಕಾರಕ್ಕೂ ಸುಲಭವಾಗಿ ಕೈ ಬರುವುದಿಲ್ಲ. ಊರೇ ಎದ್ದು ನಿಲ್ಲುತ್ತದೆ!

ಇದು ಕನಸಿನ ಮಾತಲ್ಲ. ೧೯೧೯ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 'ಪ್ರಬುದ್ಧ ಕರ್ನಾಟಕ' ಹೊರಡಿಸಿತು. ಮುಂದೆ ನಿಂತವರು ಅಧ್ಯಾಪಕ ಎ.ಆರ್. ಕೃಷ್ಣಶಾಸ್ತ್ರಿಗಳು. ಒಂದು ಕಾಲೇಜಿನ ಸಂಘದ ಪತ್ರಿಕೆ ನವೋದಯದ ಬೆಳೆಗೆ ಹೊಲವಾಯಿತು. ಮುಂದೆ ಮೈಸೂರು ವಿಶ್ವವಿದ್ಯಾಲಯ ಅದನ್ನು ನಡೆಸಿಕೊಂಡು ಬಂತು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಕುವೆಂಪು ಅವರಿಗೆ ೧೯೨೪ರಲ್ಲಿ, ನಿನ್ನ ಭಾಷೆಯಲ್ಲಿ ಬರೆ ಎಂದು ಬುದ್ಧಿ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಪರದೇಶದವನಿಗೆ ಹೊಳೆದದ್ದು ನಮ್ಮ ಇಂದಿನ ಸಂಪಾದಕ ಮಂಡಳಿಗಳಿಗೆ ಹೊಳೆಯುತ್ತಿಲ್ಲ!

ಏಕೆ ಹೊಳೆಯುತ್ತಿಲ್ಲ? ಅದಕ್ಕೂ ಕಾರಣವಿದೆ. ೨೦೧೦ರ ಯುಜಿಸಿ ನಿಯಮಗಳು ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕ ತಂದವು. ೨೦೧೮ರಲ್ಲಿ 'ಕೇರ್' ಪಟ್ಟಿ ಬಂತು, ೨೦೨೫ರಲ್ಲಿ ಯುಜಿಸಿಯೇ ಅದನ್ನು ಕೈಬಿಟ್ಟಿತು. ಈ ಓಟದಲ್ಲಿ ಹಲವು ಪತ್ರಿಕೆಗಳು ಸಂಶೋಧನ ಲೇಖನಗಳ ಗೋದಾಮುಗಳಾದವು. ಲೇಖನ ಅಚ್ಚಾದರೆ ಮೇಷ್ಟರಿಗೆ ಅಂಕ. ವಿದ್ಯಾರ್ಥಿಯ ಕವಿತೆ ತಿದ್ದಿದರೆ ಯಾರಿಗೆ ಏನು ಸಿಗುತ್ತದೆ?

'ಮಟ್ಟ ಇಲ್ಲ ರೀ' ಎನ್ನುತ್ತಾರೆ ಕೆಲವರು. ಸ್ವಾಮಿ, ಮಟ್ಟ ಮುಗಿಲಿನಿಂದ ಉದುರುತ್ತದೆಯೇ? ಹತ್ತು ಕವಿತೆ ಓದಿ, ಒಂದನ್ನು ಆರಿಸಿ, ಉಳಿದ ಒಂಬತ್ತಕ್ಕೆ ಎರಡೆರಡು ಸಾಲಿನ ಉತ್ತರ ಬರೆದರೆ ಮಟ್ಟ ತಾನೇ ಏರುತ್ತದೆ. ಹರದೇಶಿ ನಾಗೇಶಿ ಹಾಡು, ಪಾರಿಜಾತದ ಆಟ ಕೇಳಿ ಬೆಳೆದ ಹುಡುಗ 'ಹೋಗ್ಯಾನ' ಎಂದು ಬರೆದರೆ ಅದನ್ನು 'ಹೋಗಿದ್ದಾನೆ' ಎಂದು ತಿದ್ದುವುದು ಸಂಪಾದನೆಯಲ್ಲ, ಹಜಾಮತಿ! ಕಬ್ಬಿನ ಗದ್ದೆಯ ಮಾತು, ಬನಹಟ್ಟಿಯ ಮಗ್ಗದ ಮಾತು ಅಚ್ಚಿಗೆ ಬರದಿದ್ದರೆ ಕನ್ನಡ ಬಡವಾಗುತ್ತದೆ.

'ಫೇಸ್‌ಬುಕ್ ಇದೆಯಲ್ಲ, ಪತ್ರಿಕೆ ಏಕೆ?' ಎನ್ನುವ ನಗರದ ಗೆಳೆಯರೇ, ಲೈಕ್ ಒತ್ತುವವನು ನಿಮ್ಮ ಸಾಲನ್ನು ತಿದ್ದುವುದಿಲ್ಲ. ಇಂದು ಬಂದ ನೂರು ಹೃದಯ ನಾಳೆಗೆ ಮಾಯ. ಅಚ್ಚಾದ ಸಂಚಿಕೆ ಗ್ರಂಥಾಲಯದಲ್ಲಿ ಕೂರುತ್ತದೆ. ಇಪ್ಪತ್ತು ವರ್ಷದ ಮೇಲೆ ಯಾವುದೋ ಹುಡುಗಿ ಅದನ್ನು ತೆರೆದು ಓದುತ್ತಾಳೆ. ಫೇಸ್‌ಬುಕ್ಕಿನಲ್ಲಿ ಬೇಕಾದರೆ ಹಾಕಿ, ನಿಮ್ಮ ಹಕ್ಕಿನ ಪುಟವನ್ನು ಮಾತ್ರ ಬಿಟ್ಟುಕೊಡಬೇಡಿ.

ನಮ್ಮ ಬೇಡಿಕೆಗಳು ಇಷ್ಟೇ:

೧. ಬರಹ ಕಳಿಸಲು ಕೊನೆಯ ದಿನಾಂಕವನ್ನು ವರ್ಷದ ಆರಂಭದಲ್ಲೇ ನೋಟಿಸ್ ಬೋರ್ಡಿಗೆ ಹಾಕಬೇಕು.
೨. ಬಂದ ಪ್ರತಿ ಬರಹಕ್ಕೂ ಸ್ವೀಕೃತಿ ಕೊಡಬೇಕು. ಬೇಡವಾದರೆ ಕಾರಣ ತಿಳಿಸಬೇಕು.
೩. ಸಂಪಾದಕ ಮಂಡಳಿಯಲ್ಲಿ ವಿದ್ಯಾರ್ಥಿಗಳು ಇರಬೇಕು. ಅವರು ಹೆಸರಿಗಷ್ಟೇ ಅಲ್ಲ, ಆಯ್ಕೆಯಲ್ಲೂ ಇರಬೇಕು.
೪. ಸಂದೇಶ, ಫೋಟೋಗಳಿಗೆ ಎರಡೇ ಪುಟ. ಕನ್ನಡಕ್ಕೆ ಮೊದಲ ಪುಟ!
೫. ವಿಶ್ವವಿದ್ಯಾಲಯಗಳ ಪ್ರಸಾರಾಂಗ ವರ್ಷಕ್ಕೊಮ್ಮೆಯಾದರೂ ತನ್ನ ಎಲ್ಲಾ ಕಾಲೇಜುಗಳ ವಿದ್ಯಾರ್ಥಿಗಳ ಆಯ್ದ ಬರಹಗಳನ್ನು ಪುಸ್ತಕವಾಗಿ ತರಬೇಕು.

ಬೇಡಿಕೆ ಇಟ್ಟು ಸುಮ್ಮನೆ ಕೂರಬೇಡಿ. ಸ್ವಂತದ್ದನ್ನೇ ಬರೆಯಿರಿ, ಸಿನಿಮಾ ಹಾಡಿನ ನಕಲು ಬೇಡ. ಶುದ್ಧ ಪ್ರತಿ ಮಾಡಿ, ಒಂದು ಪ್ರತಿ ಇಟ್ಟುಕೊಂಡು, ದಿನಾಂಕ ಹಾಕಿ ಕೊಡಿ. ಉತ್ತರ ಬರದಿದ್ದರೆ ಹೋಗಿ ಕೇಳಿ. ಮ್ಯಾಗಜಿನ್ ಫೀ ಎಷ್ಟು ಸಂಗ್ರಹವಾಯಿತು, ಎಷ್ಟು ಖರ್ಚಾಯಿತು ಎಂಬ ಲೆಕ್ಕ ಬೇಕೇ? ಸರ್ಕಾರಿ, ಅನುದಾನಿತ ಕಾಲೇಜಾದರೆ ೨೦೦೫ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು.

ಅಷ್ಟಕ್ಕೂ ಬಾಗಿಲು ತೆರೆಯದಿದ್ದರೆ? ಅರವತ್ತರ ದಶಕದಲ್ಲಿ ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಎಂಬ ಮೂವರು ತರುಣರು ಯಾರ ಬಾಗಿಲನ್ನೂ ಕಾಯದೆ 'ಸಂಕ್ರಮಣ' ತಂದರು. ನಿಮಗೂ ಕೈ ಇದೆ, ಗೆಳೆಯರಿದ್ದಾರೆ. ಬಳೆಗಾರರ ಮನೆಯಿಂದ ಕವಿಚಕ್ರವರ್ತಿ ಬಂದ ನಾಡಿನಲ್ಲಿ ನೇಕಾರನ ಮಗಳ ಕವಿತೆಗೆ, ಕಬ್ಬು ಕಡಿಯುವವನ ಮಗನ ಕಥೆಗೆ ಪುಟ ಇಲ್ಲ ಎನ್ನುವ ಧೈರ್ಯ ಯಾರಿಗೂ ಬರಕೂಡದು!

ಬರೆಯಿರಿ! ಕಳಿಸಿರಿ! ಉತ್ತರ ಕೇಳಿರಿ!

ಸಿರಿಗನ್ನಡಂ ಗೆಲ್ಗೆ!