ಮನೆಯ ಪಾಠ, ವಿಷಯಗಳ ಆಯ್ಕೆ

ಕುಶಾಗ್ರಬುದ್ಧಿಯ ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿಯೇ ಓದಿಸುವ ತಂದೆತಾಯಿಗಳು ನಮ್ಮ ಪಟ್ಟಣಗಳಲ್ಲಿಯೂ ಇದ್ದಾರೆ. ಇವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆಯು ದೊಡ್ಡ ಅನುಕೂಲವೇ ಸರಿ. 14 ವರ್ಷ ತುಂಬಿದವರು ಐದು ವಿಷಯಗಳನ್ನು ಆರಿಸಿಕೊಂಡು ಮಾಧ್ಯಮಿಕ ಪರೀಕ್ಷೆಗೆ ಕೂಡಬಹುದು. 5 ವರ್ಷಗಳೊಳಗೆ, 9 ಅವಕಾಶಗಳಲ್ಲಿ, ಒಂದೊಂದಾಗಿ ಮುಗಿಸಲೂಬಹುದು.

ಆದರೆ ಅಂಕಗಳಿಕೆಗೆ ಸುಲಭವೆಂಬ ಒಂದೇ ಕಾರಣಕ್ಕೆ ವಿಷಯಗಳನ್ನು ಆರಿಸುವುದನ್ನು ನಾವು ಒಪ್ಪಲಾರೆವು. ಹನ್ನೆರಡನೆಯ ತರಗತಿಯಲ್ಲಿ ಭೌತ, ರಸಾಯನ, ಗಣಿತಗಳಿಲ್ಲದವನಿಗೆ ಐ.ಐ.ಟಿ.ಗಳ ಪ್ರವೇಶಪರೀಕ್ಷೆಯೇ ಇಲ್ಲ. ಗಣಿತದಲ್ಲಿ ಮುಂದಿರುವ ಹುಡುಗಿಯನ್ನು ಗಣಿತದಿಂದಲೇ ತಪ್ಪಿಸುವುದು ಎಂತಹ ಜಾಣತನವೋ ನಮಗೆ ತಿಳಿಯದು!

ಇನ್ನೊಂದು ಮಾತು. ಐದರಲ್ಲಿ ಒಂದು ಭಾಷೆ ಕಡ್ಡಾಯ, ಎರಡಕ್ಕೆ ಅವಕಾಶವುಂಟು. ಮೊದಲನೆಯದು ಇಂಗ್ಲಿಷಾದರೆ ಆಗಲಿ. ಎರಡನೆಯದಾಗಿ ಕನ್ನಡವನ್ನು ಆರಿಸಲು ಸಂಸ್ಥೆಯ ಅಡ್ಡಿಯೇನೂ ಇಲ್ಲ. ಅಡ್ಡಿಯಿರುವುದು ಹಿರಿಯರ ಮನಸ್ಸಿನಲ್ಲಿ.